‘ಅಂತೆ’ಯಿಂದ ‘ಏ’ಕಾರದವರೆಗೆ: ವಚನಗಳಲ್ಲಿ ಉಪಮೆ ಮತ್ತು ರೂಪಕ



ಬಸವಾದಿ ಶರಣರು ಕವಿಗಳೆನಿಸಿಕೊಳ್ಳಬೇಕೆಂಬ ಹಂಬಲದಿಂದ ವಚನಗಳನ್ನು ನುಡಿದವರಲ್ಲ. ಆದರೂ ವಚನ ಸಂಪುಟದ ಯಾವ ಪುಟವನ್ನು ತೆರೆದರೂ ಅಲ್ಲಿ ಹೋಲಿಕೆಗಳು ಎದುರಾಗುತ್ತವೆ. ರೇಷ್ಮೆಯ ಹುಳು, ಮುತ್ತು, ಸ್ಫಟಿಕ, ಗುಡಿ, ಕಂಬ, ಕಳಶ ಎಲ್ಲವೂ ಅಲ್ಲಿ ಬಂದು ಅನುಭಾವದ ಸೇವೆಗೆ ನಿಲ್ಲುತ್ತವೆ. ಇವುಗಳಲ್ಲಿ ಯಾವುದು ಉಪಮೆ, ಯಾವುದು ರೂಪಕ ಎಂಬ ಪ್ರಶ್ನೆಯನ್ನು ನಾವು ಪ್ರೌಢಶಾಲೆಯ ಪರೀಕ್ಷೆಯ ದಿನವೇ ಬಿಟ್ಟು ಬಂದಿದ್ದೇವೆ. ಎರಡು ಅಂಕಗಳ ಪ್ರಶ್ನೆಗೆ ಅಷ್ಟು ಗೌರವ ಸಾಕೆಂಬುದು ನಮ್ಮ ಭಾವನೆ. ಆದರೆ ಎರಡು ವಸ್ತುಗಳ ನಡುವೆ ‘ಅಂತೆ’ ಎಂಬ ಪುಟ್ಟ ಮಾತು ನಿಂತಿರುವಾಗ ಬಾಳುವ ಬಾಳು ಒಂದು ಬಗೆಯದು. ಆ ಮಾತು ಕಳಚಿ ಬಿದ್ದ ಮೇಲಿನ ಬಾಳು ಬೇರೆಯೇ ಬಗೆಯದು. ವಚನಗಳನ್ನು ಓದುವವರು ಈ ಅಂತರವನ್ನು ಮನಗಾಣದಿದ್ದರೆ ಶರಣರ ನುಡಿಯ ಅರ್ಧ ಬಲವು ಕೈತಪ್ಪಿ ಹೋಗುತ್ತದೆ.

ಮೊದಲು ಶಾಸ್ತ್ರದ ಮಾತು. ಉಪಮಾಲಂಕಾರಕ್ಕೆ ನಾಲ್ಕು ಅಂಗಗಳು. ಯಾವುದನ್ನು ವರ್ಣಿಸುತ್ತೇವೆಯೋ ಅದು ಉಪಮೇಯ. ಯಾವುದಕ್ಕೆ ಹೋಲಿಸುತ್ತೇವೆಯೋ ಅದು ಉಪಮಾನ. ಎರಡಕ್ಕೂ ಸಲ್ಲುವ ಗುಣ ಸಮಾನಧರ್ಮ. ಹೋಲಿಕೆಯನ್ನು ಬಾಯಿಬಿಟ್ಟು ಹೇಳುವ ‘ಅಂತೆ, ಹಾಗೆ, ಹೋಲು’ ಮೊದಲಾದ ಪದ ಉಪಮಾವಾಚಕ. ‘ಗುರುವು ಕಾಪುವಿನ ದೀಪಸ್ತಂಭದಂತೆ ದಾರಿ ತೋರಿದನು’ ಎಂಬ ವಾಕ್ಯದಲ್ಲಿ ಗುರುವು ಉಪಮೇಯ, 1901ರಿಂದ ಕಡಲ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ ಉಪಮಾನ, ದಾರಿ ತೋರುವುದು ಸಮಾನಧರ್ಮ, ‘ಅಂತೆ’ ವಾಚಕ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ಇವುಗಳಲ್ಲಿ ಯಾವುದಾದರೂ ಲೋಪವಾದರೆ ಲುಪ್ತೋಪಮೆ. ‘ಗುರುವೇ ದೀಪಸ್ತಂಭ’ ಎಂದಾಗ ಹೋಲಿಕೆಯ ಮಾತು ಹೋಗಿ ಅಭೇದದ ಮಾತು ಬಂದಿತು. ಇದು ರೂಪಕ.

‘ಅಂತೆ’ ಕಂಡರೆ ಉಪಮೆ, ಕಾಣದಿದ್ದರೆ ರೂಪಕ ಎಂದು ಉರು ಹೊಡೆಯುವ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಏಕೆಂದರೆ ಕನ್ನಡದ ‘ಅಂತೆ’ ಒಂದಲ್ಲ, ಮೂರು ಕೆಲಸಗಳನ್ನು ಮಾಡುತ್ತದೆ. ‘ಆಗುಂಬೆಯಲ್ಲಿ ಮಳೆ ಬಂದಿತಂತೆ’ ಎಂಬಲ್ಲಿ ಹೋಲಿಕೆಯಿಲ್ಲ. ಅದು ಪರರ ಬಾಯಿಂದ ಕೇಳಿದ ಸುದ್ದಿ. ‘ಮಗುವಿನ ನಗು ಶಂಕರಪುರದ ಮಲ್ಲಿಗೆಯಂತೆ ಅರಳಿತು’ ಎಂಬಲ್ಲಿ ಹೋಲಿಕೆಯಿದೆ. ‘ಗುರುವು ಹೇಳಿದಂತೆ ನಡೆದನು’ ಎಂಬಲ್ಲಿ ಕೇಳಿದ ಸುದ್ದಿಯೂ ಇಲ್ಲ, ಹೋಲಿಕೆಯೂ ಇಲ್ಲ, ಅಲ್ಲಿರುವುದು ಅನುಸರಣೆ. ಕೇಳಿದ ಅಂತೆ, ಹೋಲುವ ಅಂತೆ, ನಡೆಯುವ ಅಂತೆ ಎಂಬ ಈ ಮೂರನ್ನು ಸಾಧಕನ ಮೂರು ನೆಲೆಗಳೆಂದು ಭಾವಿಸಬಹುದು. ದೇವನಿದ್ದಾನಂತೆ ಎಂಬುದು ಮೊದಲನೆಯದು. ಶರಣರಂತೆ ಬಾಳಬೇಕು ಎಂಬುದು ಎರಡನೆಯದು. ನುಡಿದಂತೆ ನಡೆಯುವುದು ಮೂರನೆಯದು. ಇವೆಲ್ಲ ಮುಗಿದ ಮೇಲೆ ಬರುವುದು ‘ಗುರುವೇ’, ‘ಕಾಯಕವೇ’ ಎಂಬಲ್ಲಿನ ಅವಧಾರಣೆಯ ‘ಏ’ಕಾರ. ರೂಪಕದ ಉಸಿರು ಇರುವುದು ಅನೇಕ ವೇಳೆ ಈ ಒಂದು ಸ್ವರದಲ್ಲಿ.

ಕನ್ನಡದಲ್ಲಿ ಇಂದು ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ‘ಕವಿರಾಜಮಾರ್ಗ’ವು ಅಲಂಕಾರ ಗ್ರಂಥವೇ ಆಗಿರುವುದು ನಮ್ಮ ಭಾಷೆಯ ಸೌಭಾಗ್ಯ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದನೆಂದು ವಿದ್ವಾಂಸರು ಒಪ್ಪುವ ಈ ಕೃತಿಯ ಮೂರನೆಯ ಪರಿಚ್ಛೇದವು ಅರ್ಥಾಲಂಕಾರಗಳಿಗೆ ಮೀಸಲು. ಅದಕ್ಕೆ ಮಾದರಿಯಾದುದು ದಂಡಿಯ ‘ಕಾವ್ಯಾದರ್ಶ’. ದಂಡಿಯ ಮತದಲ್ಲಿ ರೂಪಕವೆಂದರೆ ಭೇದವು ಮರೆಯಾದ ಉಪಮೆಯೇ. ಭೇದವು ಮರೆಯಾಗಿದೆ, ನಾಶವಾಗಿಲ್ಲ ಎಂಬುದನ್ನು ಗಮನಿಸಬೇಕು. ಗ್ರೀಸ್ ದೇಶದ ಅರಿಸ್ಟಾಟಲನು ಕ್ರಿ.ಪೂ. 4ನೆಯ ಶತಮಾನದಲ್ಲಿ ಇದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆದನು. ಉಪಮೆಯೂ ಒಂದು ರೂಪಕವೇ, ಹೋಲಿಕೆಯ ಪದ ಸೇರಿ ಉದ್ದವಾದುದರಿಂದ ಅದರ ಸೊಗಸು ಸ್ವಲ್ಪ ಕಡಿಮೆ ಎಂಬುದು ಅವನ ‘ರೆಟರಿಕ್’ ಗ್ರಂಥದ ನಿಲುವು. ಅವನಿಗೆ ರೂಪಕವು ಮೂಲ. ನಮ್ಮ ದಂಡಿಗೆ ಉಪಮೆಯು ಮೂಲ. ಅಕಿಲೀಸನೆಂಬ ವೀರನು ಸಿಂಹದಂತೆ ನುಗ್ಗಿದನೆಂದರೆ ಉಪಮೆ, ಅವನ ಹೆಸರೇ ಇಲ್ಲದೆ ಸಿಂಹ ನುಗ್ಗಿತೆಂದರೆ ರೂಪಕ ಎಂಬುದು ಅರಿಸ್ಟಾಟಲನು ಕೊಡುವ ಉದಾಹರಣೆ. ನಮ್ಮ ಆಲಂಕಾರಿಕರು ಈ ಎರಡನೆಯದನ್ನು ರೂಪಕವೆನ್ನದೆ ಅತಿಶಯೋಕ್ತಿಯ ಒಂದು ಭೇದವೆನ್ನುತ್ತಾರೆ. ಅಲ್ಲಿ ಉಪಮಾನವು ಉಪಮೇಯವನ್ನು ನುಂಗಿಬಿಟ್ಟಿದೆ. ಅಲ್ಲಮಪ್ರಭುಗಳ ಬೆಡಗಿನ ವಚನಗಳು ನಮ್ಮನ್ನು ತಬ್ಬಿಬ್ಬುಗೊಳಿಸುವುದು ಈ ಕಾರಣದಿಂದಲೇ. ಅಲ್ಲಿ ಯಾವುದನ್ನು ಕುರಿತು ಹೇಳುತ್ತಿದ್ದಾರೆಂಬ ಉಪಮೇಯವೇ ಮೇಲೆ ಕಾಣುವುದಿಲ್ಲ.

ಉಡುಪಿ ಸೀಮೆಯ ನೆಲದಲ್ಲಿ ಈ ವಿಷಯಕ್ಕೆ ಉದಾಹರಣೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಾರ್ಕಳದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಕಾಪುವಿನ ದೀಪಸ್ತಂಭವು ಎದ್ದ 1901ರಲ್ಲಿಯೇ ಚಿಕ್ಕ ವಯಸ್ಸಿನಲ್ಲಿ ಕಣ್ಮುಚ್ಚಿದ ಲಕ್ಷ್ಮೀನಾರಣಪ್ಪನವರು ‘ಮುದ್ದಣ’ನೆಂಬ ಹೆಸರಿನಿಂದ ‘ರಾಮಾಶ್ವಮೇಧ’ವನ್ನು ಬರೆದರು. ಅದರ ಮುದ್ದಣ-ಮನೋರಮೆಯರ ಸಲ್ಲಾಪವನ್ನು ಮೆಚ್ಚದ ಕನ್ನಡಿಗರಿಲ್ಲ. ಅರ್ಥವಾಗದ ಸಂಸ್ಕೃತವನ್ನು ಕೇಳಿ ಬೇಸತ್ತ ಮನೋರಮೆ ಅದನ್ನು ನೀರೂ ಇಳಿಯದ ಗಂಟಲಿಗೆ ಕಡುಬು ತುರುಕಿದ ಕೆಲಸಕ್ಕೆ ಹೋಲಿಸುತ್ತಾಳೆ. ಮುದ್ದಣನು ಕನ್ನಡ ಸಂಸ್ಕೃತಗಳ ಹದವಾದ ಬೆರಕೆಯನ್ನು ಕರಿಮಣಿಯ ನಡುವೆ ಹವಳವನ್ನು ಪೋಣಿಸುವುದಕ್ಕೆ ಹೋಲಿಸುತ್ತಾನೆ. ಇವೆರಡೂ ಉಪಮೆಗಳು. ಆದರೆ ಕನ್ನಡವು ಎಂತಹುದೆಂದು ಹೇಳಬೇಕಾದಾಗ ಅವನು ಅದನ್ನು ಕಸ್ತೂರಿಗೆ ಹೋಲಿಸುವುದಿಲ್ಲ, ಕಸ್ತೂರಿಯೆಂದೇ ಕರೆಯುತ್ತಾನೆ. ಬರೆಯುವ ರೀತಿಯನ್ನು ಚರ್ಚಿಸುವಾಗ ಉಪಮೆ, ಪ್ರೀತಿಸುವುದನ್ನು ಹೆಸರಿಸುವಾಗ ರೂಪಕ. ಮನಸ್ಸಿನ ಸಹಜ ನಡೆಯೇ ಹೀಗೆ.

ಕಾರ್ಕಳದ ಬಂಡೆಯ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಏಕಶಿಲಾ ಮೂರ್ತಿಯನ್ನು ಕಂಡು ಊರಿನವರು ‘ಗೊಮ್ಮಟನನ್ನು ಹೋಲುವ ಶಿಲೆ’ ಎನ್ನುವುದಿಲ್ಲ. ‘ಗೊಮ್ಮಟ ನಿಂತಿದ್ದಾನೆ’ ಎನ್ನುತ್ತಾರೆ. ರಾತ್ರಿ ಬಯಲಿನ ರಂಗಸ್ಥಳಕ್ಕೆ ಕಿರೀಟ ಕಟ್ಟಿದ ವೇಷಧಾರಿ ಬಂದಾಗ ‘ಕರ್ಣ ಬಂದ’ ಎನ್ನುತ್ತಾರೆ. ಸಂಸ್ಕೃತದಲ್ಲಿ ನಾಟಕಕ್ಕೆ ‘ರೂಪಕ’ವೆಂಬ ಹೆಸರು ಬಂದುದೂ ನಟನ ಮೇಲೆ ಪಾತ್ರದ ಆರೋಪದಿಂದಲೇ ಎಂದು ಧನಂಜಯನ ‘ದಶರೂಪಕ’ವು ತಿಳಿಸುತ್ತದೆ. ಕೋಲದ ಅಂಗಳದಲ್ಲಿ ದರ್ಶನ ಬಂದ ವ್ಯಕ್ತಿಯ ಮುಂದೆ ಕೈಮುಗಿದು ತನ್ನ ಅಳಲನ್ನು ಹೇಳಿಕೊಳ್ಳುವ ಮುದುಕಿಗೆ ಎದುರಿಗಿರುವುದು ದೈವ. ದೈವದಂತೆ ಕಾಣುವ ನೆರೆಯವನಲ್ಲ. ಬೆಳಗಾದ ಮೇಲೆ ಬಣ್ಣ ತೊಳೆದ ಅದೇ ವ್ಯಕ್ತಿಯನ್ನು ಅವಳು ಹೆಸರು ಹಿಡಿದು ಮಾತನಾಡಿಸುತ್ತಾಳೆ. ಭೇದವು ಮರೆಯಾಗಿತ್ತು, ನಾಶವಾಗಿರಲಿಲ್ಲ ಎಂಬ ದಂಡಿಯ ಮಾತನ್ನು ಅವಳು ಓದಿಲ್ಲ, ಬಾಳಿದ್ದಾಳೆ.

ಇದೇ ಉಡುಪಿಯು 13ನೆಯ ಶತಮಾನದ ಆಚಾರ್ಯ ಮಧ್ವರ ದ್ವೈತ ದರ್ಶನದ ನೆಲೆ. ಜೀವ ಮತ್ತು ಈಶ್ವರರ ಭೇದವು ನಿತ್ಯವೆಂಬುದು ಆ ದರ್ಶನದ ಅಡಿಗಲ್ಲು. ಜೀವನು ಪ್ರತಿಬಿಂಬ, ಈಶ್ವರನು ಬಿಂಬ. ಪ್ರತಿಬಿಂಬಕ್ಕೆ ಬಿಂಬದ ಹೋಲಿಕೆಯುಂಟು, ಬಿಂಬದ ಅಧೀನತೆಯುಂಟು, ಆದರೆ ಎರಡೂ ಒಂದೇ ಎನ್ನಲಾಗದು. ಉಪನಿಷತ್ತುಗಳಲ್ಲಿ ಅಭೇದವನ್ನು ಸಾರುವಂತೆ ತೋರುವ ವಾಕ್ಯಗಳನ್ನು ಸಾದೃಶ್ಯ ಮೊದಲಾದ ನೆಲೆಗಳಿಂದ ಅರ್ಥೈಸುವುದು ಆ ಪರಂಪರೆಯ ಕ್ರಮ. ಶರಣರ ದಾರಿ ಲಿಂಗಾಂಗ ಸಾಮರಸ್ಯದ ದಾರಿ. ಷಟ್‌ಸ್ಥಲದಲ್ಲಿ ಭಕ್ತನಿಂದ ಹೊರಟವನು ಐಕ್ಯದಲ್ಲಿ ನಿಲ್ಲುತ್ತಾನೆ. ಇಲ್ಲಿ ಯಾರು ಹೆಚ್ಚು ಯಾರು ಕಡಿಮೆ ಎಂಬ ವಾದಕ್ಕೆ ಎಡೆಯಿಲ್ಲ. ‘ಅಂತೆ’ ಮತ್ತು ‘ಏ’ಕಾರಗಳ ನಡುವಿನ ಅಂತರವು ಪಠ್ಯಪುಸ್ತಕದ ಕೊನೆಯ ಪುಟದ ವಿಷಯವಲ್ಲ, ಹಿರಿಯ ದರ್ಶನಗಳು ತಮ್ಮ ದಾರಿಗಳನ್ನು ಬೇರೆ ಮಾಡಿಕೊಂಡ ಕವಲು ಎಂಬುದನ್ನು ಅರಿತರೆ ಸಾಕು.

ಈಗ ಬಸವಣ್ಣನವರ ಎರಡು ವಚನಗಳನ್ನು ಜೊತೆಗಿಟ್ಟು ನೋಡೋಣ. ಒಂದು, ನುಡಿಯು ಹೇಗಿರಬೇಕೆಂದು ತಿಳಿಸುವ ಪ್ರಸಿದ್ಧ ವಚನ. ಅಲ್ಲಿ ನುಡಿಗೆ ಮುತ್ತಿನ ಹಾರ, ಮಾಣಿಕ್ಯದ ಕಾಂತಿ, ಸ್ಫಟಿಕದ ಸಲಾಕೆಗಳ ಹೋಲಿಕೆ ಒಂದರ ಹಿಂದೊಂದು ಬರುತ್ತದೆ. ಮೂರೂ ಉಪಮೆಗಳು. ಅಣ್ಣನವರು ನುಡಿಯೇ ಮುತ್ತೆಂದು ಹೇಳಲಿಲ್ಲ. ಮುತ್ತಿನ ಹಾರದ ಹಾಗೆ ಇರಬೇಕೆಂದರು. ಈ ‘ಬೇಕು’ ಎಂಬುದು ಬಹಳ ಮುಖ್ಯ. ನಮ್ಮ ನುಡಿ ಇನ್ನೂ ಹಾಗಿಲ್ಲ, ಆಗಬೇಕಾಗಿದೆ ಎಂಬ ದೂರವನ್ನು ಅದು ಸುಳ್ಳಾಡದೆ ಒಪ್ಪಿಕೊಳ್ಳುತ್ತದೆ. ಆ ವಚನವು ಮುಗಿಯುವುದು ನುಡಿಯೊಳಗಾಗಿ ನಡೆಯದವನಿಗೆ ಸಂಗಮದೇವನು ಒಲಿಯನೆಂಬ ಎಚ್ಚರಿಕೆಯಿಂದ. ಹೋಲುವ ಅಂತೆಯಿಂದ ಹೊರಟು ನಡೆಯುವ ಅಂತೆಗೆ ಬಂದು ನಿಲ್ಲುವ ವಚನವದು.

ಇನ್ನೊಂದು, ಉಳ್ಳವರು ಶಿವಾಲಯ ಕಟ್ಟಿಸುವುದನ್ನು ಕಂಡ ಬಡಭಕ್ತನ ವಚನ. ಇಲ್ಲಿ ಶರೀರವು ಗುಡಿಯಾಗಿದೆ, ಕಾಲುಗಳು ಅದರ ಸ್ತಂಭಗಳಾಗಿವೆ, ತಲೆಯು ಬಂಗಾರದ ಕಳಶವಾಗಿದೆ. ಮುಖ್ಯ ವಸ್ತುವಿನ ಜೊತೆಗೆ ಅದರ ಅವಯವಗಳಿಗೂ ಅಭೇದವನ್ನು ಹೇಳಿರುವುದರಿಂದ ಶಾಸ್ತ್ರವು ಇದನ್ನು ಸಾವಯವ ರೂಪಕವೆನ್ನುತ್ತದೆ. ಇಲ್ಲಿ ‘ಬೇಕು’ ಇಲ್ಲ, ‘ಅಂತೆ’ ಇಲ್ಲ. ಕೊನೆಯಲ್ಲಿ ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಎಂಬ ತೀರ್ಮಾನ ಬರುತ್ತದೆ.

ಈ ವಚನವನ್ನು ನಾವೆಲ್ಲರೂ ಕಂಠಪಾಠವಾಗಿ ಬಲ್ಲೆವು. ಆದರೆ ಅದರ ರೂಪಕವನ್ನು ನಿಜವಾಗಿ ಪರೀಕ್ಷೆಗೆ ಒಡ್ಡಬೇಕಾದ ಹೊತ್ತು ಕೆಲವರಿಗೆ ಮಾತ್ರ ಬರುತ್ತದೆ. ಹಾಗೆ ಬಂದವರಲ್ಲಿ ಒಬ್ಬರು ಕೃಷ್ಣಾ ತೀರದ ಹಳ್ಳಿಯೊಂದರಲ್ಲಿ ಹುಟ್ಟಿ, ಕನ್ನಡ ಪಂಡಿತರಾಗಿ ಕಾರ್ಕಳ ತಾಲ್ಲೂಕಿನಲ್ಲಿ ಸೇವೆ ಸಲ್ಲಿಸಿ, ನಿವೃತ್ತಿಯ ನಂತರ ಕಾಪುವಿನಲ್ಲಿ ಮಗನ ಮನೆಯಲ್ಲಿ ನೆಲೆಸಿದ ಹಿರಿಯರು. ಮೂವತ್ತು ವರ್ಷ ಮಕ್ಕಳಿಗೆ ರೂಪಕಾಲಂಕಾರಕ್ಕೆ ಇದೇ ವಚನವನ್ನು ಉದಾಹರಣೆಯಾಗಿ ಕೊಟ್ಟವರು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹುಣ್ಣು ಮಾಯದೆ ಕೊಳೆತು, ಜೀವ ಉಳಿಸುವುದಕ್ಕಾಗಿ ಮಣಿಪಾಲದ ವೈದ್ಯರು ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಕೆಲವು ದಿನಗಳಲ್ಲಿ, ಹತ್ತನೆಯ ತರಗತಿಯ ಮೊಮ್ಮಗಳು ಪುಸ್ತಕ ಹಿಡಿದು ಪಕ್ಕಕ್ಕೆ ಬಂದಳು.

“ಅಜ್ಜಾ, ಇದರಾಗ ‘ಅಂತೆ’ ಇಲ್ಲ. ಹಂಗಾರ ಇದು ರೂಪಕ ಹೌದಲ್ಲ?”

ಹೌದೆಂದರು. ಮುಂದೆ ಲಕ್ಷಣ ಸಮನ್ವಯ ಹೇಳಿಕೊಡಬೇಕಾಗಿತ್ತು. ಕಾಲು ಉಪಮೇಯ, ಕಂಬ ಉಪಮಾನ ಎಂಬಲ್ಲಿಗೆ ಬಂದು ಪಂಡಿತರ ಮಾತು ನಿಂತಿತು. ಹುಡುಗಿಗೆ ತಾನು ಯಾವ ವಚನವನ್ನು ತೆರೆದಿದ್ದೇನೆಂಬುದು ಆಗ ಹೊಳೆದು, ಪುಸ್ತಕ ಮಡಚಿ ಒಳಗೆ ಹೋದಳು.

ಅನಂತರ ನೋಡಲು ಬಂದವರೆಲ್ಲರ ಮುಂದೆಯೂ ಅವರು ಒಂದೇ ಪ್ರಶ್ನೆಯನ್ನಿಟ್ಟರು. ಕಂಬ ಬಿದ್ದ ಮೇಲೆ ಗುಡಿಯ ಗತಿಯೇನು? ಹಳೆಯ ಸಹೋದ್ಯೋಗಿಯೊಬ್ಬರು ಪ್ರೀತಿಯಿಂದಲೇ, “ಪಂಡಿತರೇ, ಅದು ಬರೀ ಒಂದು ಹೋಲಿಕೆ. ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದರು. ಈ ಸಮಾಧಾನವನ್ನು ಅವರು ಒಪ್ಪಲಿಲ್ಲ. ಬರೀ ಹೋಲಿಕೆಯೆಂದರೆ ರೂಪಕವನ್ನು ಉಪಮೆಗೆ ಇಳಿಸಿದಂತಾಯಿತು. ಗುಡಿ ಕಟ್ಟಿಸಲಾಗದ ಬಡವನು ತನ್ನ ಮೈಯೂ ಒಂದು ಗುಡಿಯ ಹಾಗಿದೆಯೆಂದು ಮನಸ್ಸನ್ನು ಸಂತೈಸಿಕೊಂಡ ಮಾತು ಅದಾಗಿದ್ದರೆ ಎಂಟುನೂರು ವರ್ಷ ಉಳಿಯುತ್ತಿರಲಿಲ್ಲ ಎಂದರು.

ರೋಗಿಯ ಹಾಸಿಗೆಯ ಬಳಿ ರೂಪಕಗಳು ಎಲ್ಲೆಡೆಯೂ ಸುಳಿಯುತ್ತವೆ. ಕಾಯಿಲೆಯನ್ನು ಶತ್ರುವೆಂದೂ ಚಿಕಿತ್ಸೆಯನ್ನು ಯುದ್ಧವೆಂದೂ ಕರೆಯುವುದು ರೂಢಿ. ಸ್ವತಃ ಕ್ಯಾನ್ಸರ್ ಅನುಭವಿಸಿದ್ದ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1978ರ ತಮ್ಮ ಪುಸ್ತಕದಲ್ಲಿ ಇಂತಹ ರೂಪಕಗಳು ರೋಗಿಯ ಹೊರೆಯನ್ನು ಹೆಚ್ಚಿಸುತ್ತವೆ, ಕಾಯಿಲೆಯನ್ನು ಕಾಯಿಲೆಯಾಗಿಯೇ ಕಾಣಬೇಕೆಂದು ವಾದಿಸಿದರು. ಆ ವಾದದಲ್ಲಿ ಸತ್ಯವಿದೆ. ಯುದ್ಧವೆಂದ ಮೇಲೆ ಕಾಲು ಕಳೆದುಕೊಂಡವನು ಸೋತವನಾಗುತ್ತಾನೆ. ಗುಡಿಯೆಂಬ ರೂಪಕವೂ ಹಾಗೆಯೇ ತಿರುಗಿ ಇರಿಯುವುದಾದರೆ ಅದನ್ನೂ ಕೆಳಗಿಡಬೇಕಲ್ಲವೇ ಎಂಬುದೇ ಪಂಡಿತರ ಒಳಗಿನ ಕುದಿ. ತೆಗೆದುಹಾಕಿದ ಪಾದದ ಹೆಬ್ಬೆರಳು ರಾತ್ರಿ ನೋಯುತ್ತಿತ್ತು. ಇಂತಹ ನೋವು ಅನೇಕರಿಗೆ ಬರುವುದುಂಟೆಂದು ವೈದ್ಯರು ಮೊದಲೇ ತಿಳಿಸಿದ್ದರು. “ಇಲ್ಲದ್ದು ಇದ್ದಂತೆ ತೋರುವುದು ಉಪಮೆಯೂ ಅಲ್ಲ, ರೂಪಕವೂ ಅಲ್ಲ, ಇದು ಉತ್ಪ್ರೇಕ್ಷೆ” ಎಂದು ಪಂಡಿತರು ಮಗನಿಗೆ ಹೇಳಿ, ತಾವೇ ಸ್ವಲ್ಪ ನಕ್ಕರು.

ಉತ್ತರವು ಅವರಿಗೆ ಸಮಾನಧರ್ಮದ ವಿಚಾರದಿಂದ ದೊರೆಯಿತು. ಕಾಲಿಗೂ ಕಂಬಕ್ಕೂ ಏನು ಸಮಾನ? ನೆಟ್ಟಗೆ ನಿಲ್ಲುವುದು, ಭಾರ ಹೊರುವುದು ಎಂದು ಮೂವತ್ತು ವರ್ಷ ಹೇಳಿಕೊಟ್ಟದ್ದಾಯಿತು. ಅಷ್ಟೇ ಆಗಿದ್ದರೆ ಕಾಲು ಹೋದ ದಿನ ರೂಪಕವೂ ಸುಳ್ಳಾಗುತ್ತದೆ. ಆದರೆ ವಚನದ ಮೊದಲ ಭಾಗವು ಕಾಲಿನ ಆಕಾರವನ್ನು ಕುರಿತು ಮಾತನಾಡುತ್ತಿಲ್ಲ. ಉಳ್ಳವನು ತನ್ನಲ್ಲಿರುವ ಹಣವನ್ನು ಕೊಡುತ್ತಾನೆ, ಇಲ್ಲದವನು ಏನನ್ನು ಕೊಡಬಲ್ಲ ಎಂದು ಕೇಳುತ್ತಿದೆ. ಕಂಬಕ್ಕೂ ಕಾಲಿಗೂ ಇರುವ ನಿಜವಾದ ಸಮಾನಧರ್ಮ ಆಕಾರವಲ್ಲ, ಸಮರ್ಪಣೆ. ಗುಡಿಯ ಕಂಬವು ದೇವರಿಗೆ ಸಂದದ್ದು. ಈ ಕಾಲೂ ದೇವರಿಗೆ ಸಂದದ್ದು. ಒಮ್ಮೆ ಕೊಟ್ಟುಬಿಟ್ಟದ್ದನ್ನು ಕಳೆದುಕೊಳ್ಳುವುದು ಹೇಗೆ? ಹಳ್ಳಿಯಿಂದ ಶಾಲೆಗೆ, ಶಾಲೆಯಿಂದ ಮಕ್ಕಳ ಮನೆಗಳಿಗೆ ನಡೆದಷ್ಟೂ ಆ ಕಾಲು ಸಂದಾಯವಾಗಿದೆ. ಇನ್ನು ಸ್ಥಾವರದ ಮಾತು. ‘ನನ್ನದು’ ಎಂದು ಹಿಡಿದುಕೊಂಡರೆ ಮೈಯೂ ಸ್ಥಾವರವೇ; ಕಲ್ಲಿನ ಗುಡಿಯ ಹಾಗೆ ಅದಕ್ಕೂ ಅಳಿವುಂಟು. ಕಟ್ಟಿದ ರೂಪಕವನ್ನು ವಚನವು ಕೊನೆಯ ಸಾಲಿನಲ್ಲಿ ತಾನೇ ದಾಟುತ್ತದೆ. ಕಂಬ ಬೀಳುತ್ತದೆಂಬುದು ಅಣ್ಣನವರಿಗೆ ಮೊದಲೇ ಗೊತ್ತಿತ್ತು.

ಮೊಮ್ಮಗಳದು ಬೇರೆಯೇ ಉತ್ತರ. ಕಾಪುವಿನ ಹೊಸ ಮಾರಿಗುಡಿಯ ಜೀರ್ಣೋದ್ಧಾರವನ್ನು ನೋಡುತ್ತ ಬೆಳೆದವಳು ಅವಳು. “ಗುಡಿ ಬಿಚ್ಚಿ ಕಟ್ಟೂ ಮುಂದ ದೇವರನ್ನ ಬಾಲಾಲಯದಾಗ ಇಡ್ತಾರಲ್ಲ ಅಜ್ಜಾ? ಆವಾಗ ದೇವರಿಲ್ಲ ಅಂತ ಯಾರೂ ಅನ್ನೂದಿಲ್ಲ” ಎಂದಳು. ಕೃತಕ ಕಾಲಿನ ಅಳತೆ ಕೊಡಲು ಮಣಿಪಾಲಕ್ಕೆ ಹೊರಟ ದಿನದ ಮಾತದು. ಅದು ಇನ್ನೂ ಸ್ಥಾವರದ ಉತ್ತರವೆಂದು ಪಂಡಿತರು ತಿದ್ದಬಹುದಾಗಿತ್ತು. ತಿದ್ದಲಿಲ್ಲ. ರೂಪಕವನ್ನು ಬಿಡಿಸಿ ವಿವರಿಸುವುದು ವಿದ್ವತ್ತು. ಅದರೊಳಗೆ ಹೊಕ್ಕು ಇನ್ನೊಂದು ಕೋಣೆ ಕಟ್ಟುವುದು ಅದನ್ನು ಬಾಳುವುದು. ಹುಡುಗಿ ಎರಡನೆಯದನ್ನು ಮಾಡಿದ್ದಳು.

ವಚನಗಳನ್ನು ಓದುವ ಭಕ್ತರಿಗೆ ಇದರಿಂದ ದೊರೆಯುವ ಎಚ್ಚರ ಎರಡು ಬಗೆಯದು. ಉಪಮೆಯಿರುವಲ್ಲಿ ರೂಪಕದ ಸಲಿಗೆಯನ್ನು ತೋರಬಾರದು. ‘ಇರಬೇಕು’ ಎಂದದ್ದನ್ನು ‘ಇದ್ದೇನೆ’ ಎಂದು ಓದಿಕೊಂಡರೆ ಅದು ಅಹಂಕಾರ. ನುಡಿ ಮುತ್ತಾಗುವ ಮೊದಲೇ ಮುತ್ತೆಂದು ಮಾರುವ ವ್ಯಾಪಾರ. ಅಂತೆಯೇ ರೂಪಕವಿರುವಲ್ಲಿ ಉಪಮೆಯ ಹಿಂಜರಿಕೆಯನ್ನು ತೋರಬಾರದು. ಕಾಯಕವನ್ನು ಕೈಲಾಸವೆಂದ ನುಡಿಯನ್ನು ‘ಕೈಲಾಸದ ಹಾಗೆ ಒಳ್ಳೆಯದು’ ಎಂದು ಇಳಿಸಿಕೊಂಡರೆ, ಕಾಯಕವನ್ನು ಮುಗಿಸಿ ಬೇರೊಂದು ಕೈಲಾಸವನ್ನು ಹುಡುಕುವ ಸೋಮಾರಿತನಕ್ಕೆ ಬಾಗಿಲು ತೆರೆದಂತಾಗುತ್ತದೆ. ಒಂದು ವಚನವನ್ನು ಕೈಗೆತ್ತಿಕೊಂಡಾಗ ಮೊದಲು ಅಲ್ಲಿರುವುದು ‘ಅಂತೆ’ಯೋ ‘ಏ’ಕಾರವೋ ಎಂದು ನೋಡಬೇಕು. ಅನಂತರ ಎರಡು ವಸ್ತುಗಳನ್ನು ಸೇರಿಸಿರುವ ಸಮಾನಧರ್ಮ ಯಾವುದೆಂದು ನಿಧಾನವಾಗಿ ಹುಡುಕಬೇಕು. ಮೊದಲು ಹೊಳೆದದ್ದು ಬಹುಮಟ್ಟಿಗೆ ಆಕಾರವಾಗಿರುತ್ತದೆ. ಅದರ ಕೆಳಗೆ ಇನ್ನೊಂದು ಇರುತ್ತದೆ.

ಶರಣರು ಪರವಸ್ತುವನ್ನು ಉಪಮಾತೀತವೆಂದರು. ಹೋಲಿಕೆಗೆ ನಿಲುಕದ್ದನ್ನು ಕುರಿತು ಇಷ್ಟೊಂದು ಹೋಲಿಕೆಗಳನ್ನು ನುಡಿದರು. ಇದರಲ್ಲಿ ವಿರೋಧವಿಲ್ಲ. ಮೆಟ್ಟಿಲುಗಳು ಮಾಳಿಗೆಯಲ್ಲ, ಆದರೆ ಮಾಳಿಗೆಯನ್ನು ಕಂಡವರು ಕೆಳಗಿನವರಿಗಾಗಿ ಕಟ್ಟಿದ ಮೆಟ್ಟಿಲುಗಳಿವು. ಒಂದೊಂದನ್ನೂ ಅದರ ಹೆಸರು ಅರಿತು, ಅದರ ಅಳತೆ ಅರಿತು ಹತ್ತಬೇಕಾದದ್ದು ನಮ್ಮ ಕೆಲಸ.